ಕಾರ್ನ್‌ವಾಲ್‌ನಿಂದ ಕೋಲಾರದವರೆಗೆ

ಕೋಲಾರದ ಚಿನ್ನದ ಗಣಿಯ ಕಥೆಯನ್ನು ಬ್ರಿಟಿಷರ ಕಥೆಯೆಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅಲ್ಲಿಗೆ ಬಂದ ಗಣಿ ಪರಿಣತರಲ್ಲಿ ಅನೇಕರು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನವರು. ಶತಮಾನಗಳಿಂದ ತವರ, ತಾಮ್ರಗಳನ್ನು ಅಗೆದ ಮನೆತನಗಳವರು. 1866ರಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚಿದಾಗ ಕ್ಯಾಂಬೋರ್ನ್, ರೆಡ್ರೂತ್ ಸುತ್ತಲಿನ ಊರುಗಳಿಂದ ಗಂಡಸರು ಗುಂಪುಗುಂಪಾಗಿ ಹಡಗು ಹತ್ತಿದರು.

ವಲಸೆ ಅದಕ್ಕೂ ಬಹಳ ಮೊದಲೇ ಆರಂಭವಾಗಿತ್ತು. 1825ರಲ್ಲಿ ಜಾನ್ ಟೇಲರ್ ಎಂಬ ಉದ್ಯಮಿಯ ಕಂಪನಿ ಮೆಕ್ಸಿಕೋದ ರಿಯಲ್ ದೆಲ್ ಮೊಂತೆ ಬೆಳ್ಳಿ ಗಣಿಗಳಿಗೆ ಕಾರ್ನಿಷ್, ಅಂದರೆ ಕಾರ್ನ್‌ವಾಲ್‌ನ, ಕೆಲಸಗಾರರನ್ನೂ ಉಗಿಯಂತ್ರಗಳನ್ನೂ ಕಳುಹಿಸಿತು. ವೆರಾಕ್ರೂಜ್ ಕರಾವಳಿಯಲ್ಲಿ ಇಳಿದವರಲ್ಲಿ ಅನೇಕರನ್ನು ಹಳದಿ ಜ್ವರ ಬಲಿ ತೆಗೆದುಕೊಂಡಿತು; ಬದುಕಿದವರು ಆ ಭಾರಿ ಯಂತ್ರಗಳನ್ನು ಬೆಟ್ಟದ ದಾರಿಯಲ್ಲಿ ಸಾಗಿಸಿಕೊಂಡು ಮರುವರ್ಷ ಗಣಿ ತಲುಪಿದರು. ಅವರು ಗಣಿಗೆ ಬುತ್ತಿಯಾಗಿ ಒಯ್ಯುತ್ತಿದ್ದ, ಮಾಂಸ ಮತ್ತು ಆಲೂಗಡ್ಡೆ ತುಂಬಿ ಅಂಚು ಮಡಚಿ ಬೇಯಿಸಿದ ಪೇಸ್ಟಿಯನ್ನು ಇಂದಿಗೂ ಆ ಗಣಿಗಳ ಬಳಿಯ ಪಚೂಕಾ ನಗರದ ಅಂಗಡಿಗಳಲ್ಲಿ ಮೆಣಸಿನಕಾಯಿಯ ಖಾರ ಬೆರೆಸಿ ಮಾರುತ್ತಾರೆ. ದಕ್ಷಿಣ ಆಸ್ಟ್ರೇಲಿಯಾದ ಬರ್ರಾದಲ್ಲಿ 1845ರಲ್ಲಿ ತಾಮ್ರದ ಗಣಿ ಆರಂಭವಾದ ಮೇಲೆ ಮನೆಗಳು ಸಾಲದೆ, ಕಾರ್ನಿಷ್ ಗಣಿಗಾರರ ಸಂಸಾರಗಳು ಹಳ್ಳದ ದಂಡೆಯನ್ನು ಕೊರೆದು ಗುಹೆಗಳಲ್ಲಿ ವಾಸಿಸಿದವು. ಮುಂದೆ ಅದೇ ಪ್ರಾಂತ್ಯದ ಮೂಂಟಾ ಊರಿನಲ್ಲಿ ಅವರ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಪ್ರಾರ್ಥನಾ ಮಂದಿರಗಳೂ ಹಾಡುವ ತಂಡಗಳೂ ಬೇರೂರಿದವು.

1880ರಲ್ಲಿ ಅದೇ ಟೇಲರ್ ಮನೆತನದ ಸಂಸ್ಥೆ, ಜಾನ್ ಟೇಲರ್ ಅಂಡ್ ಸನ್ಸ್, ಕೋಲಾರದ ಗಣಿಗಳಿಗೆ ಕೈಹಾಕಿತು. ಮೊದಲ ವರ್ಷಗಳಲ್ಲಿ ಹಣವೆಲ್ಲ ಕರಗಿ, ಕಂಪನಿ ಮುಚ್ಚುವ ಹಂತಕ್ಕೆ ಬಂದಿದ್ದಾಗ ಕೋಲಾರದಲ್ಲೇ ಇದ್ದ ಮೈಸೂರು ಎಂಬ ಹೆಸರಿನ ಗಣಿಯಲ್ಲಿ ಕ್ಯಾಪ್ಟನ್ ಪ್ಲಮರ್ ಹಳೆಯ ಕಾಲದ ಅಗೆತಗಳ ಕೆಳಗೇ ಅಗೆಸಿ ಚಾಂಪಿಯನ್ ಎಂಬ ಸಮೃದ್ಧ ಅದಿರಿನ ಎಳೆಯನ್ನು ಮುಟ್ಟಿದರು. ಕ್ಯಾಪ್ಟನ್ ಎಂಬುದು ಸೈನ್ಯದ ಪದವಿಯಲ್ಲ; ಗಣಿಯ ಮೇಸ್ತ್ರಿಯನ್ನು ಕಾರ್ನ್‌ವಾಲ್‌ನಲ್ಲಿ ಹಾಗೆಯೇ ಕರೆಯುತ್ತಿದ್ದರು.

ಇಲ್ಲಿಯೇ ನನಗೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ಕಾರ್ನಿಷ್ ಜನ ಸ್ವತಃ ಗುದ್ದಲಿ ಹಿಡಿದ ಕಾರ್ಮಿಕರಾಗಿ ನೆಲೆಸಿ, ಮಕ್ಕಳು ಮರಿಗಳೊಡನೆ ಆ ನೆಲದವರಾದರು. ಕೋಲಾರದಲ್ಲಿ ಅವರಲ್ಲಿ ಬಹುತೇಕರು ಮೇಲ್ವಿಚಾರಕರಾಗಿ ಬಂಗಲೆಗಳಲ್ಲಿದ್ದು ಕಾಲಕ್ರಮದಲ್ಲಿ ಊರಿಗೆ ಮರಳಿದರೆ, ಪಾತಾಳದ ಬಿಸಿಯಲ್ಲಿ ಬಂಡೆ ಕೊರೆದವರು ತಮಿಳು, ತೆಲುಗು ಮಾತಾಡುವ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ದಲಿತರು. ಕಾರ್ನ್‌ವಾಲ್‌ನ ಗಣಿ ಪ್ರದೇಶಕ್ಕೆ 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮಾನ್ಯತೆ ಕೊಟ್ಟಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆ ಕಾರ್ಮಿಕರ ಮಕ್ಕಳು ಈಗ ಆ ಗಣಿ ಊರಿನ ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ.