ಅಕ್ಷರಗುಂಡಿನ ಹತ್ತಿರ ಒಂದು ಸಂಜೆ

ಚಿತ್ರದುರ್ಗದ ಕೋಟೆಯಲ್ಲಿ ಒಂದು ತಾಯಿಕೋತಿ ನನ್ನ ಚೀಲದ ಜಿಪ್ ತೆಗೆಯಿತು. ಹರಿಯಲಿಲ್ಲ, ಕಚ್ಚಲಿಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿತು. ಹೊಟ್ಟೆಗೆ ಅಂಟಿದ್ದ ಮರಿಯನ್ನು ಒಂದು ಕೈಯಲ್ಲಿ ಅವುಚಿಕೊಂಡೇ ಬಾಳೆಹಣ್ಣು ಸುಲಿದು ತಿಂದಿತು. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ ಎಲ್ಲ ನೋಡಿದೆ. ಕಣ್ಣಲ್ಲಿ ಉಳಿದದ್ದು ಮಾತ್ರ ಆ ಎರಡು ಬೆರಳು.

ಇಷ್ಟು ಹತ್ತಿರದವರು ನಾವು ಬೇರೆಯಾದದ್ದು ಎಲ್ಲಿ? ಸಲಕರಣೆ ಮಾಡಿಕೊಳ್ಳುವವನು ಮನುಷ್ಯ ಮಾತ್ರ ಅಂತ ಬಹಳ ಕಾಲ ಹೇಳುತ್ತಿದ್ದರು. 1960ರಲ್ಲಿ ಜೇನ್ ಗುಡಾಲ್ ಆಫ್ರಿಕಾದ ಗೊಂಬೆ (Gombe) ಅನ್ನುವ ಕಾಡಲ್ಲಿ ಚಿಂಪಾಂಜಿಯೊಂದು ಕಡ್ಡಿಯ ಎಲೆ ಸವರಿ, ಹುತ್ತಕ್ಕೆ ತೂರಿಸಿ ಗೆದ್ದಲು ಹಿಡಿಯುವುದನ್ನು ಕಂಡರು. ಆ ಗೆರೆ ಅಲ್ಲೇ ಅಳಿಸಿತು.

ಮರುದಿನ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆ. ದಾರಿಯುದ್ದಕ್ಕೂ ಬಿಸಿಲು, ಬಂಡೆ, ಜಾಲಿ. ನನಗೆ ಈ ಬಯಲೇ ಇಷ್ಟ, ಮಲೆನಾಡಿನ ಹಸಿರಿಗಿಂತ ಜಾಸ್ತಿ.

ಇಲ್ಲಿ ಅಶೋಕನ ಶಾಸನವಿದೆ. ಬಂಡೆಯನ್ನು ಅಕ್ಷರಗುಂಡು ಅಂತಾರೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇದನ್ನು ಪತ್ತೆ ಹಚ್ಚಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ವಯಸ್ಸು 2,200 ವರ್ಷಕ್ಕೂ ಹೆಚ್ಚು. ಅಶೋಕನ ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿಯಿಂದ, ಇಲ್ಲಿದ್ದ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಬಂದ ಮಾತು ಅದು. ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ. ತಂದೆತಾಯಿಯ ಮಾತು ಕೇಳಿ, ಜೀವಿಗಳ ಬಗ್ಗೆ ಕರುಣೆ ಇರಲಿ, ಸತ್ಯ ಹೇಳಿ ಅನ್ನುತ್ತದೆ. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಪಕ್ಕದಲ್ಲಿ 'ಲಿಪಿಕಾರ' ಅನ್ನುವ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಅದು ದೂರದ ವಾಯವ್ಯ ನಾಡಿನ ಲಿಪಿ. ಇಲ್ಲಿ ಅದನ್ನು ಎಷ್ಟು ಜನ ಓದಿಯಾರು? ಆದರೂ ಬರೆದಿದ್ದಾನಲ್ಲ! ನನಗೆ ಗಂಟಲು ಕಟ್ಟಿತು.

ಕರೆತಂದ ಆಟೋದವನು ನಾಲ್ಕಕ್ಕೆ ಬರ್ತೀನಿ ಅಂತ ಹೋಗುವ ಬರುವ ಎರಡೂ ಬಾಡಿಗೆ ಇಸ್ಕೊಂಡು ಹೋದವನು ಬರಲೇ ಇಲ್ಲ. ಇನ್ನೂ ಸಿಟ್ಟಿದೆ. ನೀವು ಹೋದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಳ್ಳಿ, ದುಡ್ಡು ವಾಪಸ್ ಬಂದ ಮೇಲೆ ಕೊಡಿ.

ಕಾಯುತ್ತಾ ಹುಣಸೆಮರದ ಕೆಳಗೆ ಕೂತೆ. ಕುರಿ ಕಾಯುವ ಅಜ್ಜ ಒಬ್ಬರು ಬಂದು ಪಕ್ಕದಲ್ಲಿ ಕೂತರು.

"ಯಾವೂರಪ್ಪಾ? ಕಲ್ಲು ನೋಡಾಕ್ ಬಂದ್ಯಾ?"

ಹೌದು ಅಂದೆ. ಕೋತಿಯ ಕಥೆ ಹೇಳಿ, ಮನುಷ್ಯನಿಗೂ ಪ್ರಾಣಿಗೂ ಏನಜ್ಜಾ ವ್ಯತ್ಯಾಸ ಅಂತ ಕೇಳಿದೆ. ಅವರು ತಟ್ಟನೆ ಉತ್ತರ ಕೊಡಲಿಲ್ಲ. ಬೀಡಿ ಹಚ್ಚಿದರು.

"ಮರಿ ಸತ್ರೆ ತಾಯಿಕುರಿ ಮೇಯಾಕಿಲ್ಲ, ಕೂಗ್ತಾನೇ ಇರ್ತೈತೆ. ಸಂಕಟ ನಮ್ಗೆಷ್ಟೋ ಅದ್ಕೂ ಅಷ್ಟೇ."

ನಾನು ಎದುರಿನ ಬಯಲು ತೋರಿಸಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ, ಕಲ್ಲುಕೊಡಲಿ ಬಳಸುತ್ತಿದ್ದ ಜನ ಸತ್ತ ಕೂಸುಗಳನ್ನು ಮಡಕೆಯಲ್ಲಿಟ್ಟು ಹೂತಿದ್ದು ಸಿಕ್ಕಿತ್ತು ಅಂದೆ.

ಅಜ್ಜ ಸುಮ್ನೆ ಆ ಕಡೆ ನೋಡಿದರು. "ಮಡಕ್ಯಾಗಾ?" ಅಂದರು. "ಹೊಟ್ಟ್ಯಾಗೆ ಇದ್ದಂಗೇ ಇರ್ಲಿ ಅಂತಿರ್ಬೇಕು."

ಆಮೇಲೆ ಮರದ ಬೊಡ್ಡೆ ತಟ್ಟಿದರು. "ಇದ್ನ ನಮ್ಮ ಮುತ್ತಜ್ಜ ಹಾಕಿದ್ದಂತೆ. ನಾ ನೋಡಿಲ್ಲ ಅವ್ನ. ಕುರಿ ಇದ್ರ ನೆಳ್ಳಾಗೆ ಮಲಗ್ತೈತೆ, ಹಾಕ್ದೋರು ಯಾರು ಅಂತ ಕೇಳಾಕಿಲ್ಲ. ನಾವು ಕೇಳ್ತೀವಿ. ಅಷ್ಟೇ ಕಣಪ್ಪಾ."

ಕಲ್ಲಿನ ಮೇಲೂ ಒಬ್ಬನ ಹೆಸರಿದೆ ಅಜ್ಜಾ, ಕೆತ್ತಿದವನದು, ಅಂದೆ. ದಿನಾ ಇಲ್ಲೇ ಕುರಿ ಬಿಡುವವರಿಗೆ ಅದು ಗೊತ್ತಿರಲಿಲ್ಲ. ಬೀಡಿ ಆರಿಸಿದರು.

"ಏನು ಹೆಸ್ರು?"

"ಚಪಡ."

"ಚಪಡ," ಅಂದರು. ಇನ್ನೊಂದು ಸಲ ಮೆಲ್ಲಗೆ ಅಂದುಕೊಂಡರು. ಆಮೇಲೆ ಕೋಲು ಊರಿ ಎದ್ದು, "ಎಲ್ಲೈತೆ, ತೋರ್ಸು ಬಾ" ಅಂತ ಬಂಡೆಯ ಕಡೆ ಹೊರಟರು.