ನೀ ಯಾರ ಪೈಕಿ?

ಗುಳೇದಗುಡ್ಡದಲ್ಲಿ ನಮ್ಮ ಕಾಕಾನದು ಖಣದ ಅಂಗಡಿ. ಕಳೆದ ಬೇಸಿಗೆಯಲ್ಲಿ ಹೊಸ ವಿಸಿಟಿಂಗ್ ಕಾರ್ಡ್ ಮಾಡಿಸುವಾಗ ಅವರಿಗೊಂದು ಆಸೆ ಹುಟ್ಟಿತು. "ಅಂಗಡಿ ಹೆಸರೀಲೇ ಇಮೇಲ್ ಬೇಕ ನೋಡ ತಮ್ಮಾ. ಜಿಮೇಲ್ ಎಲ್ಲಾರ್ದೂ ಇರ್ತೈತಿ." ದುಡ್ಡು ಕೊಟ್ಟರೆ ಸಲೀಸಾಗಿ ಸಿಗುವ ಸೇವೆ ಅದು. ಆದರೆ ಲಿನಕ್ಸ್ ಬರುತ್ತದೆ ಅನ್ನೋ ಸೊಕ್ಕು ನನಗೆ. "ನಾನ ಮಾಡಿಕೊಡ್ತೀನಿ ಕಾಕಾ" ಅಂದುಬಿಟ್ಟೆ.

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಒಂದಿತ್ತು. ಅದಕ್ಕೆ ಡೆಬಿಯನ್ ಅನ್ನೋ ಲಿನಕ್ಸ್ ಹಾಕಿದೆ. ಮಧ್ಯಾಹ್ನದೊಳಗೆ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡೂ ಎದ್ದು ಕೂತವು. ಮೇಲ್ ಸಾಗಿಸುವುದು ಪೋಸ್ಟ್‌ಫಿಕ್ಸ್. ಬಂದದ್ದನ್ನು ಡಬ್ಬಿಯಲ್ಲಿಟ್ಟು ಫೋನ್ ಕೇಳಿದಾಗ ತೆಗೆದುಕೊಡುವುದು ಡವ್‌ಕಾಟ್. ನನಗೆ ನಾನೇ ಒಂದು ಮೇಲ್ ಕಳಿಸಿದೆ, ಬಂತು. ಹೊರಗೆ ಕಳಿಸಿದೆ, ಹೋಗಲಿಲ್ಲ. ಸರ್ವರ್ ತನ್ನ ಕೆಲಸ ಬರೆದಿಡುವ ಲಾಗ್‌ನಲ್ಲಿ ಮತ್ತೆ ಮತ್ತೆ ಒಂದೇ ಸಾಲು: ಕನೆಕ್ಷನ್ ಟೈಮ್ಡ್ ಔಟ್. ಕಾದರೂ ಆ ಕಡೆಯಿಂದ ಓಗೊಡಲಿಲ್ಲ ಅಂತ.

ಸರ್ವರ್‌ಗಳು ತಮ್ಮ ತಮ್ಮೊಳಗೆ ಮೇಲ್ ದಾಟಿಸುವುದು 25ನೇ ಪೋರ್ಟಿನಲ್ಲಿ. ಮನೆ ಇಂಟರ್ನೆಟ್ಟಿನಲ್ಲಿ ಆ ಬಾಗಿಲಿಗೆ ಎಷ್ಟೋ ಕಡೆ ಕೀಲಿ ಹಾಕಿರುತ್ತಾರೆ. ವೈರಸ್ ಹತ್ತಿದ ಕಂಪ್ಯೂಟರ್‌ಗಳು ಕಸದ ಮೇಲ್ ಸುರಿಯಬಾರದು ಅಂತ. ಸಾಲದ್ದಕ್ಕೆ ರೌಟರ್ ತೋರಿಸಿದ ಐಪಿ ವಿಳಾಸ 100.72ರಿಂದ ಶುರು. ಅಂದರೆ ನಮಗೆ ಸ್ವಂತ ವಿಳಾಸವೇ ಇಲ್ಲ, ಹಲವು ಮನೆಗಳಿಗೆ ಸೇರಿ ಒಂದೇ. ಹೊರಗಿನವರು ಬಂದು ಯಾವ ಬಾಗಿಲು ಬಡಿಯಬೇಕು? ಅಷ್ಟರಲ್ಲಿ ಕರೆಂಟೂ ಹೋಯಿತು. ಡೆಸ್ಕ್‌ಟಾಪಿನ ಕಥೆ ಅಲ್ಲಿಗೆ ಮುಗಿಯಿತು.

ರಾತ್ರಿ ತಿಂಗಳ ಬಾಡಿಗೆಗೆ ಒಂದು ವಿಪಿಎಸ್ ಹಿಡಿದೆ, ಅಂದರೆ ಬೇರೆಯವರ ದೊಡ್ಡ ಕಂಪ್ಯೂಟರಿನಲ್ಲಿ ನನಗೊಂದು ಪಾಲು. ಅಲ್ಲೂ 25ನೇ ಪೋರ್ಟ್ ತೆಗೆಸಲು ಅರ್ಜಿ. ಮರುದಿನ ತೆಗೆದರು. ಈ ಸಲ ಮೇಲ್ ಹೊರಗೇನೋ ಹೋಯಿತು, ಆದರೆ ಆ ಕಡೆಯ ಸರ್ವರ್ 550 ಅಂದು ಬಾಗಿಲಲ್ಲೇ ತಿರುಗಿಸಿ ಕಳಿಸಿತು.

ನಮ್ಮ ಕಡೆ ಓಣಿಗೆ ಹೊಸ ಹುಡುಗ ಬಂದರೆ ಕಟ್ಟೆ ಮೇಲೆ ಕೂತ ಹಿರಿಯರು ಮೊದಲು ಕೇಳುವುದೇ "ನೀ ಯಾರ ಪೈಕಿ ತಮ್ಮಾ?" ಹೆಸರು ಹೇಳಿದರೆ ಸಾಲದು. ಯಾರ ಮಗ, ಯಾವ ಮನೆ, ಎಲ್ಲಾ ತಾಳೆಯಾಗಬೇಕು. ಮೇಲ್ ಸರ್ವರ್‌ಗಳದ್ದೂ ಅದೇ ಚಾಳಿ. ಮೇಲ್ ದಾಟಿಸುವ ಕಟ್ಟಳೆ ಎಸ್‌ಎಂಟಿಪಿ. 1982ರ ಆ ಕಟ್ಟಳೆಯಲ್ಲಿ ಕಳಿಸುವವನು ಯಾರ ಹೆಸರು ಹೇಳಿದರೂ ನಡೆಯುತ್ತಿತ್ತು. ಈಗ ನಾಲ್ಕು ಕಡೆ ವಿಚಾರಿಸುತ್ತಾರೆ. ಐಪಿ ಹಿಡಿದು 'ಇದು ಯಾರ ಮನೆ' ಅಂತ ಕೇಳುವುದು ಪಿಟಿಆರ್. ಅದನ್ನು ನನ್ನ ಡೊಮೇನಿನ ಪುಟದಲ್ಲಿ ಒಂದು ತಾಸು ಹುಡುಕಿದೆ. ಅಲ್ಲಿ ಎಲ್ಲಿಂದ ಸಿಗಬೇಕು, ಅದು ಐಪಿ ಕೊಟ್ಟವರ ಕೈಯಲ್ಲಿರುತ್ತದೆ! ಈ ಡೊಮೇನಿನ ಮೇಲ್ ಯಾವ ಐಪಿಯಿಂದ ಬರಬಹುದು ಅಂತ ಹೇಳುವುದು ಎಸ್‌ಪಿಎಫ್. ತಾಳೆಯಾಗದಿದ್ದರೆ ಏನು ಮಾಡಬೇಕು ಅನ್ನುವುದು ಡಿಮಾರ್ಕ್. ಇವೆಲ್ಲ ಒಂದೊಂದು ಸಾಲಿನ ಕೆಲಸ.

ನನ್ನ ಜೀವ ತಿಂದದ್ದು ಡಿಕಿಮ್. ಹೊರಟ ಪ್ರತಿ ಮೇಲ್‌ಗೂ ಸರ್ವರ್ ಗುಟ್ಟಿನ ಕೀಲಿಯಿಂದ ಮೊಹರು ಒತ್ತುತ್ತದೆ. ಆ ಮೊಹರು ಖರೆಯೋ ಸುಳ್ಳೋ ಅಂತ ನೋಡುವ ಜೋಡಿ ಕೀಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಹೆಸರು-ವಿಳಾಸದ ಪಟ್ಟಿಯಲ್ಲಿ, ಇಡಬೇಕು. ನನ್ನದು 2048 ಬಿಟ್ಟಿನ ಕೀಲಿ. ಡಿಎನ್‌ಎಸ್‌ನ ಒಂದು ತುಂಡಿಗೆ 255 ಅಕ್ಷರ ಮಾತ್ರ ಹಿಡಿಯುವುದರಿಂದ ಎರಡು ತುಂಡು ಮಾಡಿ ಹಾಕಿದ್ದೆ. ಎರಡು ದಿನ 'ಫೇಲ್' ಅಂತಲೇ ಬಂತು. ಕೊನೆಗೆ ಆ ಪಟ್ಟಿಯಲ್ಲಿ ಏನಿದೆ ಅಂತ ತೋರಿಸುವ ಡಿಗ್ ಕಮಾಂಡಿನಿಂದ ಕೀಲಿ ತೆಗೆದು, ಪರದೆಗೆ ಬೆರಳು ಹಚ್ಚಿ, ಅವ್ವ ಜೋಳ ಹಸನು ಮಾಡಿದ ಹಾಗೆ ಒಂದೊಂದೇ ಅಕ್ಷರ ಸರಿಸಿ ನೋಡಿದೆ. ತುಂಡು ಮಾಡಿದ ಜಾಗದಲ್ಲೇ ಒಂದು 'ಕ್ಯೂ' ಉದುರಿ ಹೋಗಿತ್ತು.

ಸೇರಿಸಿದೆ. ಪಾಸ್.

ಕಾಕಾನ ಫೋನಿಗೆ ಹಾಕಿಕೊಟ್ಟೆ. ಮೊದಲ ಮೇಲ್ ಬೆಂಗಳೂರಿನಲ್ಲಿರೋ ಮಗಳಿಗೆ. ವಿಷಯದ ಜಾಗದಲ್ಲಿ "ಮುಟ್ಟಿತೇನು?" ಅಂತ ಬರೆದರು, ಒಳಗೆ ಏನೂ ಇಲ್ಲ. ಲಾಗ್‌ನಲ್ಲಿ 250 ಅಂತ ಬಂತು, ಅಂದರೆ ಆ ಕಡೆಯವರು ತಗೊಂಡರು. ಆದರೂ ಸಂಜೆತನಕ ಉತ್ತರವಿಲ್ಲ. ಕಾಕಾ ನನ್ನ ಮುಖ ನೋಡಿದರು, ನಾನು ಲಾಗ್ ನೋಡಿದೆ. ಮೂರನೇ ದಿನ ಬಂತು ಉತ್ತರ.

"ಮುಟ್ಟೇತಿ ಅಪ್ಪಾ. ಸ್ಪ್ಯಾಮ್‌ನ್ಯಾಗ ಬಿದ್ದಿತ್ತು."