ಗಂಗೆಯ ಅಳಿವೆಯಲ್ಲಿ ನಾನು ಹವಳ ಬೆಳೆಸಿದ್ದು

ನಾನು ಬೆಂಗಳೂರಲ್ಲಿ ಸ್ಯಾಟಲೈಟ್ ಚಿತ್ರ ಇಟ್ಕೊಂಡು ಮ್ಯಾಪ್ ಮಾಡೋ ಒಂದು ಸಣ್ಣ ಆಫೀಸಲ್ಲಿ ಇದೀನಿ. ಸ್ವಲ್ಪ ವರ್ಷದ ಹಿಂದೆ ಒಂದು ಕೆಲಸ ಬಂತು, ಪ್ರಪಂಚದಲ್ಲಿ ಹವಳದ ದಿಬ್ಬಗಳು (ಹವಳದ ಜೀವಿಗಳು ಸಮುದ್ರದಲ್ಲಿ ಕಟ್ಟೋ ರೀಫ್) ಎಲ್ಲೆಲ್ಲಿವೆ ಅಂತ ಗುರುತು ಮಾಡೋದು, ಪಕ್ಕದ ಕಾಲಂನಲ್ಲಿ ಅದರ ಬೆಲೆ, ಅಂದ್ರೆ ಅದರಿಂದ ಜನಕ್ಕೆ ವರ್ಷಕ್ಕೆ ಆಗೋ ಉಪಯೋಗಾನ ದುಡ್ಡಲ್ಲಿ ಹಾಕೋದು. ನಂಗೆ ಹವಳ ಅಂದ್ರೆ ಅಮ್ಮ ಕುಜದೋಷಕ್ಕೆ ಅಂತ ಅಣ್ಣನ ಬೆರಳಿಗೆ ಹಾಕ್ಸಿದ್ದ ಕೆಂಪು ಉಂಗುರ ಅಷ್ಟೇ (ಆ ಮೆಡಿಟರೇನಿಯನ್ ಕೆಂಪು ಹವಳ ದಿಬ್ಬ ಕಟ್ಟೋ ಜಾತೀನೇ ಅಲ್ವಂತೆ, ಅದು ಆಮೇಲೆ ಗೊತ್ತಾಯ್ತು).

ಸಮುದ್ರದಲ್ಲಿ ತಿಳಿ ಬಣ್ಣ ಕಂಡ್ರೆ ಆಳ ಕಮ್ಮಿ, ಬಿಸಿ ದೇಶದಲ್ಲಿ ಆಳ ಕಮ್ಮಿ ಇದ್ರೆ ಹವಳ, ಹೀಗೆ ಸಾಫ್ಟ್‌ವೇರ್‌ಗೆ ಕಲಿಸಿ ರಾತ್ರಿ ರನ್ ಮಾಡಿ ಮನೆಗೆ ಹೋದೆ. ಬೆಳಗ್ಗೆ ಮೇಡಂ ಸ್ಕ್ರೀನ್ ನೋಡಿ, "ಏನಪ್ಪಾ, ಗಂಗಾ ನದಿ ಸಮುದ್ರ ಸೇರೋ ಕಡೆ ಹವಳ ಬೆಳೆಸಿದೀಯ?" ಅಂದ್ರು. ಪಕ್ಕದ ಸೀಟಿನ ಭಟ್ಕಳದ ಹುಡುಗ ನಕ್ಕೂ ನಕ್ಕೂ, "ಅಳಿವೇಲಿ ಕೆಸರು ಬಿಟ್ರೆ ಏನಿರುತ್ತೆ ಮಾರಾಯ, ಹವಳಕ್ಕೆ ಬಿಸಿಲು ಬೇಡ್ವಾ" ಅಂದ.

ಅದೇ ಪಾಯಿಂಟ್. ಕೆಸರು ನೀರಿನ ತಿಳಿ ಬಣ್ಣಾನ ಸಾಫ್ಟ್‌ವೇರ್ ಆಳ ಕಮ್ಮಿ ಅಂದ್ಕೊಂಡಿತ್ತು. ಹವಳದ ಜೀವಿ ಮೈಯೊಳಗೆ ಸಣ್ಣ ಪಾಚಿ ಇರುತ್ತೆ, ಊಟದ ಬಹುಪಾಲು ಅದರಿಂದಾನೇ, ಅದಕ್ಕೆ ಬೆಳಕು ಬೇಕು, ನೀರು ತಿಳಿಯಾಗಿರ್ಬೇಕು, ಉಪ್ಪಿರ್ಬೇಕು, ಬೆಚ್ಚಗಿರ್ಬೇಕು ಆದ್ರೆ ಜಾಸ್ತಿ ಬಿಸಿ ಆಗಬಾರ್ದು, ಮಾಮೂಲಿ ಬೇಸಿಗೆಗಿಂತ 1 ಡಿಗ್ರಿ ಮೇಲೆ ಕೆಲವು ವಾರ ನಿಂತ್ರೆ ಪಾಚೀನ ಹೊರಗೆ ಹಾಕಿ ಬೆಳ್ಳಗಾಗಿಬಿಡುತ್ತೆ. ಆದ್ರಿಂದ ಹೆಚ್ಚುಕಮ್ಮಿ 30 ಡಿಗ್ರಿ ಉತ್ತರ-ದಕ್ಷಿಣದ ಒಳಗೇ ಇವು ಸಿಗೋದು, ಅಲ್ಲೂ ಎಲ್ಲಾ ಕಡೆ ಅಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕಾದ ಪಶ್ಚಿಮ ಕರಾವಳೀಲಿ ಸಮುದ್ರದಾಳದ ತಣ್ಣೀರು ಮೇಲೆ ಬರುತ್ತೆ, ಅಲ್ಲಿ ದಿಬ್ಬ ತುಂಬಾ ಕಮ್ಮಿ. ನಮ್ಮ ಕರಾವಳೀಲಿ ಮಳೆಗಾಲ ಬಂತಂದ್ರೆ ಕಾಳಿ, ಶರಾವತಿ, ನೇತ್ರಾವತಿ ಎಲ್ಲಾ ಕೆಂಪು ನೀರು ತಂದು ಸುರಿಯುತ್ವೆ, ಇನ್ನೆಲ್ಲಿ ದಿಬ್ಬ. ಲಕ್ಷದ್ವೀಪದಲ್ಲಿ ಒಂದೂ ನದಿ ಇಲ್ಲ, ನಿಂತಿರೋ ನೆಲಾನೇ ಹವಳದ್ದು.

ಎರಡನೇ ತಪ್ಪು ಇನ್ನೂ ದೊಡ್ಡದು, ಅದನ್ನ ಯಾರೂ ತಕ್ಷಣ ಹಿಡೀಲಿಲ್ಲ. 2001ರ ಒಂದು ಜಾಗತಿಕ ಲೆಕ್ಕದ ಪ್ರಕಾರ ದಿಬ್ಬಗಳ ವಿಸ್ತಾರ 2,84,300 ಚದರ ಕಿಲೋಮೀಟರ್, ಅಂದ್ರೆ ಸಮುದ್ರತಳದ ಶೇ. 1ಕ್ಕಿಂತ ಎಷ್ಟೋ ಕಮ್ಮಿ, ಆದ್ರೆ ಸಮುದ್ರಜೀವಿ ಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಅದೇ ಆಸರೆ. ಬೆಲೆಗೆ, ಪ್ರಕೃತಿಯಿಂದ ಆಗೋ ಉಪಯೋಗಕ್ಕೆ ಬೆಲೆ ಕಟ್ಟೋ ಅರ್ಥಶಾಸ್ತ್ರಜ್ಞ ರಾಬರ್ಟ್ ಕೊಸ್ಟಾಂಜಾ ತಂಡದ 2014ರ ರೇಟ್ ತಗೊಂಡೆ, ಹೆಕ್ಟೇರಿಗೆ ವರ್ಷಕ್ಕೆ ಸುಮಾರು 3,52,000 ಡಾಲರ್. ಗುಣಿಸಿದ್ರೆ 10 ಲಕ್ಷ ಕೋಟಿ ಡಾಲರ್! 2014ರ ಭಾರತದ ಜಿಡಿಪಿಯ ಐದು ಪಟ್ಟು ಹತ್ರ. ಖುಷಿಯಾಗಿ ಕಳ್ಸಿಬಿಟ್ಟೆ.

ಮೇಡಂ ಎರಡು ದಿನ ಬಿಟ್ಟು ಕರೆದು ಕೇಳಿದ್ರು, "ನಿನ್ನ ಶೀಟಲ್ಲಿ ಚಾಗೋಸ್ (ಮಾಲ್ಡೀವ್ಸ್ ದಕ್ಷಿಣಕ್ಕಿರೋ ದ್ವೀಪಗಳು) ಬೆಲೆ ಲಕ್ಷದ್ವೀಪಕ್ಕಿಂತ ಜಾಸ್ತಿ ಯಾಕೆ?" ವಿಸ್ತಾರ ಜಾಸ್ತಿ ಮೇಡಂ ಅಂದೆ. "ಅಲ್ಲಿ ಊರಿದೆಯಾ?" ಇಲ್ಲ, ಅಲ್ಲಿನವರನ್ನ 1973ರೊಳಗೇ ಖಾಲಿ ಮಾಡ್ಸಿದಾರೆ, ಅಲ್ಲಿನ ಡಿಯಾಗೊ ಗಾರ್ಸಿಯಾ ದ್ವೀಪದಲ್ಲಿ ಸೇನಾ ನೆಲೆ ಅಷ್ಟೇ ಇರೋದು. ಲಕ್ಷದ್ವೀಪದಲ್ಲಿ 2011ರ ಗಣತಿ ಪ್ರಕಾರ 64 ಸಾವಿರ ಜನ, ಅವರು ಗಾಳ ಹಾಕಿ ಹಿಡಿಯೋ ಸೂರೆ (ಟ್ಯೂನಾ) ಮೀನಿಗೆ ಎರೆಮೀನು ಸಿಗೋದೇ ದಿಬ್ಬದೊಳಗಿನ ಲಗೂನಲ್ಲಿ, ಅಂದ್ರೆ ದಿಬ್ಬ ಸುತ್ತುವರಿದ ಆಳ ಇಲ್ಲದ ನೀರಲ್ಲಿ. ಅಲೆ ಬಂದು ಹೊಡೆಯೋದೂ ಮೊದಲು ದಿಬ್ಬಕ್ಕೇ, ಅಲೆಯ ಶಕ್ತೀಲಿ ಸರಾಸರಿ ಶೇ. 97 ಅಲ್ಲೇ ಮುಗಿಯುತ್ತೆ. ಮೀನು, ಮಣ್ಣು, ಅಲೆಗೆ ತಡೆ ಎಲ್ಲಾ ಅದೇ. ನಾನು ಎರಡಕ್ಕೂ ಒಂದೇ ರೇಟ್ ಹಾಕಿದ್ದೆ, ಸೈಟು ಎಲ್ಲಿದ್ರೂ ಚದರ ಅಡಿಗೆ ಒಂದೇ ರೇಟು ಅನ್ನೋ ಥರ.

ಆಮೇಲೆ ಹಳೇದೂ ತೆಗೆದು ನೋಡ್ದೆ, ಅದೇ ತಂಡದ 1997ರ ಲೆಕ್ಕದಲ್ಲಿ ಹೆಕ್ಟೇರಿಗೆ ಬರೀ 8,400 ಡಾಲರ್ ಹತ್ರ, ಅದೂ 2014ರ ಲೆಕ್ಕದಲ್ಲಿರೋ ಅದೇ 2007ರ ಡಾಲರ್ ಬೆಲೇಲಿ. ಹವಳ ನಲವತ್ತು ಪಟ್ಟು ಒಳ್ಳೇದಾಗಿರ್ಲಿಲ್ಲ, ಚಂಡಮಾರುತ ತಡೆಯೋದು, ದಡ ಕೊಚ್ಚಿಹೋಗದಂಗೆ ಕಾಯೋದು, ಟೂರಿಸಂ ಇವನ್ನೆಲ್ಲ ಅಳೆದ ಅಧ್ಯಯನಗಳು ಈ ನಡುವೆ ಸೇರ್ಕೊಂಡಿದ್ವು.

ಮತ್ತೆ ಮಾಡ್ದೆ. ಈ ಸಲ ಪ್ರತಿ ದಿಬ್ಬಕ್ಕೂ ಹಿಂದೆ ಎಷ್ಟು ಜನ, ಮೀನುಗಾರಿಕೆ ಇದೆಯಾ, ಟೂರಿಸಂ ಇದೆಯಾ ಅಂತ ಕಾಲಂ ಹಾಕಿ, ಮೂರು ವಾರ ತಗೊಂಡು. ಕ್ಲೈಂಟ್ ಕೊನೇಗೆ "ಸ್ಲೈಡಿಗೆ ಒಂದೇ ನಂಬರ್ ಕೊಡಿ" ಅಂದ, ಅದು ಬೇರೆ ವಿಷ್ಯ.

ಭಟ್ಕಳದ ಹುಡುಗ ಮಾತ್ರ ಬೇಜಾರು ಮಾಡ್ಕೊಂಡಿದ್ದ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಜನ ಡೈವಿಂಗಿಗೆ ಹೋಗ್ತಾರೆ, ನಮ್ಮ ಮ್ಯಾಪಲ್ಲಿ ಅದು ಒಂದು ಪಿಕ್ಸೆಲ್ ಕೂಡ ಬಂದಿರ್ಲಿಲ್ಲ, ಅಷ್ಟು ಸಣ್ಣದು. ಕೈಯಲ್ಲೇ ಒಂದು ಚುಕ್ಕೆ ಇಟ್ಟು ಸೇರಿಸಿದ್ವಿ. ಬೆಲೆ ಕಾಲಂ ಅವನೇ ಖಾಲಿ ಬಿಡ್ಸಿದ.